ಜಯಮ್ಮನ ಮುದ್ದೆ, ನನ್ನ ನೌಕರಿ

ಇದನ್ನು ನಾನಾಗಿ ಬರೆಯಲು ಕೂತವನಲ್ಲ. ಬರೆಯದಿದ್ದರೆ ಒಲೆ ಹಚ್ಚುವುದಿಲ್ಲ ಎಂದು ನನ್ನ ಹೆಂಡತಿ ಜಯಮ್ಮ ಹೇಳಿದ್ದಾಳೆ, ಅದಕ್ಕೇ ಕೂತಿದ್ದೇನೆ. ಊಟದ ಒಲೆಯಲ್ಲ, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿದೆ. ಮೀನಿನ ಗಾಳಕ್ಕೆ ಚುಚ್ಚುವ ರಾಗಿ ಮುದ್ದೆ ಬೇಯಿಸುವ ಒಲೆ. ಆ ಮುದ್ದೆಯಿಂದ ನನ್ನ ಸಂಸಾರ ನಡೆಯಿತು. ಅದನ್ನು ಮಾಡುತ್ತಿದ್ದವಳು ಅವಳು. ಮಾಡುವವನು ನಾನೇ ಎಂದು ಮೂವತ್ತನಾಲ್ಕು ವರ್ಷ ಹೇಳಿಕೊಂಡು ಬಂದವನು ನಾನು. ಬರೆಯಬೇಕಾದದ್ದು ಇಷ್ಟೇ, ಆದರೆ ಇಷ್ಟನ್ನೇ ಬರೆದು ಪೆನ್ನು ಮುಚ್ಚಿದರೆ ಅವಳು ಒಪ್ಪುವುದಿಲ್ಲ.

ನನ್ನ ಹೆಸರು ನಂಜುಂಡಪ್ಪ, ಮನೆ ಅಬ್ಬಿಗೆರೆ. ಗಾಳ ಹಾಕುವವರ ಒಂದು ಕ್ಲಬ್ಬಿನಲ್ಲಿ ಕೆಲಸ ಮಾಡಿದೆ. ಆಫೀಸು ಆರ್.ಟಿ. ನಗರದ ಒಂದು ಮಹಡಿ ಮೇಲೆ, ಕ್ಯಾಂಪು ಕಾವೇರಿ ದಡದಲ್ಲಿ. ಬೆಂಗಳೂರಿನ ದೊಡ್ಡ ಮನುಷ್ಯರು ವಾರದ ಕೊನೆಗೆ ಬಂದು, ಬಿಸಿಲಲ್ಲಿ ಬೆಂದು, ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ಅದೇ ಮೀನನ್ನು ಮತ್ತೆ ನೀರಿಗೆ ಬಿಟ್ಟು ಹೋಗುವ ಜಾಗ ಅದು. ಬಿಡೋ ಮೀನು ಹಿಡಿಯೋಕೆ ಯಾರಾದರೂ ಅಷ್ಟು ದೂರ ಹೋಗುತ್ತಾರೇನೋ ಎಂದು ನಮ್ಮವ್ವ ಸಾಯುವವರೆಗೂ ಕೇಳುತ್ತಲೇ ಇದ್ದಳು. ನಾನು ಏನೋ ಕದ್ದು ಸಾಗಿಸುವ ಕೆಲಸದಲ್ಲಿದ್ದೇನೆ ಎಂದು ಅವಳ ಅನುಮಾನ.

ಹೋದ ವರ್ಷ ನಿವೃತ್ತನಾದೆ. ಈಗ ಕ್ಯಾಂಪಿನ ಉಸ್ತುವಾರಿ ಶಿಲ್ಪಾ ಎಂಬ ಹೆಣ್ಣುಮಗಳದು. ಮೀನಿನ ವಿಷಯವನ್ನೇ ಓದಿಕೊಂಡವಳು, ಚುರುಕು. ಎರಡು ತಿಂಗಳ ಹಿಂದೆ ಫೋನು ಮಾಡಿದಳು.

"ಅಂಕಲ್, ಎರಡು ಕೆಲಸ ಇದೆ. ಇಬ್ರು ಹೊಸಬ್ರು ಸೇರ್ಕೊಂಡಿದ್ದಾರೆ, ಅವ್ರಿಗೆ ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ ಬರೆದ್ಕೊಡಿ. ಇನ್ನೊಂದು, ನಂಗೆ ಮುದ್ದೆ ಹೇಳ್ಕೊಡಿ. ನೀವು ಬಿಟ್ಮೇಲೆ ಒಂದೇ ಒಂದು ಬಿಳಿಮೀನೂ ಬಂದಿಲ್ಲ. ಮೆಂಬರ್‍ಸ್ ಎಲ್ಲ ಮುಖ ಊದಿಸ್ಕೊಂಡು ಕೂತಿದ್ದಾರೆ."

ಬರೆಯುವುದು ದೊಡ್ಡದಲ್ಲ, ಮಾಡಬಹುದು ಎಂದೆ. ಮುದ್ದೆಯ ವಿಷಯಕ್ಕೆ, ಮನೆಗೆ ಬಾರಮ್ಮ ನೋಡೋಣ ಎಂದು ಫೋನಿಟ್ಟೆ.

ಹೊಸಬರೇ, ಮೊದಲು ನಿಮ್ಮ ಕೆಲಸ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಮುಕ್ಕಾಲು ಭಾಗ ಕಾಯುವುದು, ಉಳಿದ ಕಾಲು ಭಾಗ ಸಾಹೇಬರುಗಳ ಸುಳ್ಳು ಕೇಳುವುದು. ಕಳೆದ ಸಲ ಮೊಣಕೈ ಉದ್ದ ಇದ್ದ ಮೀನು ಈ ಸಲ ಆಳುದ್ದ ಆಗಿರುತ್ತದೆ. ಹೌದು ಸಾರ್ ಎನ್ನಬೇಕು. ನೀರಲ್ಲಿ ನಿಂತೂ ನಿಂತೂ ಕಾಲ್ಬೆರಳ ಸಂದು ಕೊಳೆಯುತ್ತದೆ, ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿ. ಮಂಡಿ ನಲವತ್ತೈದಕ್ಕೇ ಹೋಗುತ್ತದೆ, ಅದಕ್ಕೆ ಏನೂ ಹಚ್ಚಲಾಗುವುದಿಲ್ಲ. ಮೀನನ್ನು ಒಣಗಿದ ಕೈಯಲ್ಲಿ ಮುಟ್ಟಬೇಡಿ, ಅದರ ಮೈಮೇಲಿನ ಲೋಳೆ ಹೋದರೆ ಹುಣ್ಣಾಗಿ ಸಾಯುತ್ತದೆ. ಸಾಹೇಬರ ಮೀನು ತಪ್ಪಿಸಿಕೊಂಡಾಗ ಬಾಯಿ ಬಿಡಬೇಡಿ. "ಅಯ್ಯೋ ದೊಡ್ಡದಿತ್ತು ಸಾರ್" ಎಂದರೂ ತಪ್ಪು, "ಸಣ್ಣದು ಬಿಡಿ ಸಾರ್" ಎಂದರೂ ತಪ್ಪು. ಸುಮ್ಮನೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡಿ.

ನಾನು ಸೇರಿದಾಗ ಹಿಡಿದ ಮೀನನ್ನು ಬಿಡುವ ಪದ್ಧತಿ ಈಗಿನಷ್ಟು ಬಿಗಿಯಾಗಿರಲಿಲ್ಲ. ದವಡೆಗೆ ಹಗ್ಗ ಪೋಣಿಸಿ, ಹರಿಯುವ ನೀರಲ್ಲಿ ಗೂಟಕ್ಕೆ ಕಟ್ಟಿ, ಎಲ್ಲರೂ ಬಂದು ನೋಡುವವರೆಗೆ ಇಟ್ಟುಕೊಳ್ಳುತ್ತಿದ್ದೆವು. ನಾಯಿ ಕಟ್ಟಿದ ಹಾಗೆ ಕಟ್ಟಿಬಿಡುವುದು. ಕೆಲವು ಬದುಕುತ್ತಿದ್ದವು, ಕೆಲವು ಸಾಯುತ್ತಿದ್ದವು. ಈಗ ನೀರಿನಿಂದ ಎತ್ತಿದರೆ ಉಸಿರು ಬಿಗಿಹಿಡಿದು ಹತ್ತು ಎಣಿಸುವಷ್ಟರಲ್ಲಿ ವಾಪಸು ಬಿಡಬೇಕು ಅಂತ ಶಿಲ್ಪಾಳ ಕಟ್ಟಪ್ಪಣೆ. ಒಳ್ಳೆಯದೇ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡುತ್ತಾರೆ, ಬಾಯಿ ಹರಿಯುವುದಿಲ್ಲ. ನಮಗೆ ಇದೆಲ್ಲ ತೋಚಲೇ ಇಲ್ಲ.

ಇನ್ನು ಮುದ್ದೆ. ಕಾವೇರಿಯ ಬಿಳಿಮೀನು, ಇಂಗ್ಲಿಷಿನವರು ಮಹಶೀರ್ ಎನ್ನುವುದು, ಬೇರೆ ಏನನ್ನು ಬಿಟ್ಟರೂ ರಾಗಿ ಮುದ್ದೆಗೆ ಸೋಲುತ್ತದೆ. ಆದರೆ ಅದು ತಿನ್ನುವುದು ತಡವಾಗಿ. ಅದಕ್ಕಿಂತ ಮುಂಚೆ ಬೆರಳುದ್ದದ ಸಣ್ಣ ಮೀನುಗಳು ಮುತ್ತಿಕೊಂಡು ಕುಟುಕುತ್ತವೆ. ಮುದ್ದೆ ಮೆತ್ತಗಿದ್ದರೆ ಹತ್ತು ನಿಮಿಷಕ್ಕೆ ಕರಗಿ ಬರೀ ಕೊಕ್ಕೆ ಉಳಿಯುತ್ತದೆ. ಗಟ್ಟಿ ಮಾಡಿದರೆ ಇನ್ನೊಂದು ಕಷ್ಟ. ಬಿಳಿಮೀನು ಬಾಯಿಗೆ ಹಾಕಿಕೊಂಡಾಗ ದಾರ ಎಳೆದರೆ ಕೊಕ್ಕೆಯ ಮೊನೆ ಮುದ್ದೆಯನ್ನು ಸೀಳಿಕೊಂಡು ಆಚೆ ಬರಬೇಕಲ್ಲ, ಬರುವುದಿಲ್ಲ. ಮೇಲೆ ಗಟ್ಟಿ ಇರಬೇಕು, ಒಳಗೆ ಮೆತ್ತಗಿರಬೇಕು. ಕೆಲಸವೆಲ್ಲ ಇರುವುದು ಇಲ್ಲಿ.

ನಾನು ಸೇರಿ ಎರಡು ತಿಂಗಳಾಗಿತ್ತು, ಡೇರೆ ಹೊಡೆಯುವ ಟೆಂಪರರಿ ಕೆಲಸ. ಮುದ್ದೆಯನ್ನು ಕ್ಯಾಂಪಿನ ಅಡುಗೆಯವನು ಮಾಡುತ್ತಿದ್ದ, ಕರಗಿ ಹೋಗುತ್ತಿತ್ತು. ಸಾಹೇಬರು ಬೈಯುತ್ತಿದ್ದರು. ತಿಂಗಳ ಕೊನೆಗೆ ಇಬ್ಬರನ್ನು ಕಳಿಸಿಬಿಡುತ್ತಾರೆ ಎಂದು ಸುದ್ದಿ. ಮನೆಗೆ ಬಂದು ಜಯಮ್ಮನ ಹತ್ತಿರ ಗೋಳು ತೋಡಿಕೊಂಡೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ತವರು ಸೋಲದೇವನಹಳ್ಳಿ. ಅವಳ ಅಜ್ಜಿ ಅರ್ಕಾವತಿಯಲ್ಲಿ ನೀರಿದ್ದ ಕಾಲದಲ್ಲಿ ಗಂಡನಿಗೆ ಗಾಳದ ಮುದ್ದೆ ಮಾಡಿಕೊಡುತ್ತಿದ್ದಳಂತೆ.

"ತಡೀರಿ, ನಮ್ಮಜ್ಜಿ ಒಂದು ನಮೂನೆ ಮಾಡ್ತಿತ್ತು. ನೋಡ್ತೀನಿ" ಎಂದಳು.

ಅವತ್ತು ನಾನು ಅವಳ ಪಕ್ಕ ಕೂತು ನೋಡಿದ್ದರೆ ಇವತ್ತು ಈ ಪಾಡು ಇರುತ್ತಿರಲಿಲ್ಲ. ನಾನು ಚಾಪೆ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಮುದ್ದೆ, ನಿಂಬೆಹಣ್ಣಿನ ಗಾತ್ರದವು, ಕೈಗೆ ಕೊಟ್ಟಳು. ಸೋಂಪಿನ ವಾಸನೆ ಬರುತ್ತಿತ್ತು.

ಆ ದಿನ ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ನಾಲ್ಕು ಬಿಳಿಮೀನು ಹಿಡಿದರು. ಮಿಲಿಟರಿಯಲ್ಲಿ ಮೇಜರ್ ಆಗಿದ್ದವರು, ಸಹಕಾರನಗರದಲ್ಲಿ ಮನೆ. ಅವರು ಮೆಲ್ಲಗೆ ಮಾತಾಡಿದರೂ ಎದುರು ದಡಕ್ಕೆ ಕೇಳುತ್ತಿತ್ತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುದ್ದೆ ಎತ್ತಿ ಹಿಡಿದು, "ಯಾರಯ್ಯಾ ಇದನ್ನ ಮಾಡಿದ್ದು? ಬಾಯಿ ಬಿಡ್ರಯ್ಯಾ!" ಎಂದರು.

ಬೈಯಲು ಕೇಳುತ್ತಿದ್ದಾರೋ ಹೊಗಳಲು ಕೇಳುತ್ತಿದ್ದಾರೋ ತಿಳಿಯಲಿಲ್ಲ. ಇನ್ನೊಂದು ವಿಷಯ ನಿಮಗೆ ಹೇಳಬೇಕು. ಹೆಂಗಸರ ಕೈ ಸೋಕಿದ ಮುದ್ದೆಗೆ ಬಿಳಿಮೀನು ಬಾಯಿ ಹಾಕುವುದಿಲ್ಲ ಎಂಬ ನಂಬಿಕೆ ಕ್ಯಾಂಪಿನಲ್ಲಿತ್ತು. ತೆಪ್ಪ ಹುಟ್ಟು ಹಾಕುವ ಮಾದಯ್ಯ ಇದನ್ನು ನಂಬಿದ್ದ, ಓದಿದ ಸಾಹೇಬರೂ ನಂಬಿದ್ದರು. ಮೆಂಬರುಗಳ ಹೆಂಡತಿಯರು ಬಂದರೆ ಮುದ್ದೆಯ ಡಬ್ಬವನ್ನು ಡೇರೆಯೊಳಗೆ ಇಡುತ್ತಿದ್ದರು.

"ನಾನೇ ಸಾರ್" ಎಂದೆ.

ಸಾಹೇಬರು ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ತಿಂಗಳ ಕೊನೆಗೆ ಇಬ್ಬರು ಹೋದರು, ನಾನು ಉಳಿದುಕೊಂಡೆ. ಅಡುಗೆಯವನ ಕೈಯಿಂದ ಮುದ್ದೆಯ ಕೆಲಸ ನನಗೆ ಬಂತು. ಮನೆಗೆ ಬಂದು ಜಯಮ್ಮನಿಗೆ, "ನಿನ್ನ ಮುದ್ದೆ ಎಲ್ಲರಿಗೂ ಹಿಡಿಸಿತು ಕಣೇ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಇತ್ತು.

ಅಲ್ಲಿಂದ ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಇದೇ ಸಡಗರ. ನೂರು, ನೂರೈವತ್ತು ಮುದ್ದೆ. ಹಿಟ್ಟು ಕಲಸಿ, ಬೇಯಿಸಿ, ಬಿಸಿಯಲ್ಲೇ ನಾದಿ, ಮತ್ತೆ ಬೇಯಿಸಿ. ಅವಳ ಅಂಗೈ ಸುಟ್ಟು ಕೆಂಪಗಾಗುತ್ತಿತ್ತು. ತೋಳು ಎತ್ತಲಾಗುತ್ತಿರಲಿಲ್ಲ. ಆಗೆಲ್ಲ ಅವಳು ಮಾತಾಡುತ್ತಲೇ ಮಾಡುತ್ತಿದ್ದಳು. "ಈ ಸಲ ರಾಗಿ ಹೊಸದು, ನೀರು ಜಾಸ್ತಿ ಕುಡೀತದೆ," "ಮಳೆ ಬಂದದೆ, ನದಿ ಕೆಂಪಗಿರ್ತದಲ್ವಾ, ವಾಸ್ನೆ ಸ್ವಲ್ಪ ಜೋರಾಗಿರ್ಲಿ" ಎಂದು ಒಬ್ಬಳೇ ಹೇಳಿಕೊಳ್ಳುತ್ತಿದ್ದಳು. ನದಿಯನ್ನು ಕಣ್ಣಲ್ಲಿ ನೋಡದವಳು! ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಒಲೆಯ ವಿಷಯ ಅವಳದು, ನನ್ನ ಕೆಲಸ ಡಬ್ಬ ಹೊರುವುದು ಅಂದುಕೊಂಡಿದ್ದೆ.

ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಕ್ಲಬ್ಬಿನಲ್ಲಿ ನನ್ನ ಹೆಸರು ಮುದ್ದೆ ನಂಜುಂಡಪ್ಪ ಎಂದೇ ಆಯಿತು. ಹೊರಗಿನ ಊರುಗಳ ಗಾಳದವರು ಬಂದು ಗುಟ್ಟು ಕೇಳುವರು. ನಾನು ಮೀಸೆಯಡಿಯಲ್ಲಿ ನಕ್ಕು, "ಅದೆಲ್ಲ ಹೇಳೋ ಹಂಗಿಲ್ಲ ಸಾರ್" ಎನ್ನುವೆ. ಗೊತ್ತಿದ್ದರಲ್ಲವೇ ಹೇಳುವುದು!

ಆಮೇಲೆ ಆರ್.ಟಿ. ನಗರದ ಆಫೀಸಿನ ಪಕ್ಕದ ಹಾಲಿನಲ್ಲಿ ಒಂದು ಊಟ ಇಟ್ಟುಕೊಂಡರು. ಕೆಲಸದವರೂ ಹೆಂಡತಿ ಮಕ್ಕಳನ್ನು ಕರೆತರಬೇಕು ಎಂದು ಹೇಳಿಕಳಿಸಿದ್ದರು. ಜಯಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಬಂದಳು. ಊಟಕ್ಕೆ ಮುಂಚೆ ಸೆಕ್ರೆಟರಿ ಸಾಹೇಬರು ಎದ್ದು ನಿಂತು ನನ್ನನ್ನು ಮುಂದಕ್ಕೆ ಕರೆದರು. ಹೆಸರು ಕೊರೆಸಿದ ಬೆಳ್ಳಿ ಬಣ್ಣದ ಒಂದು ತಟ್ಟೆ ಕೊಟ್ಟರು. ಚಪ್ಪಾಳೆ ಮುಗಿದ ಮೇಲೆ ಜಯಮ್ಮನ ಕಡೆ ತಿರುಗಿದರು.

"ಅಮ್ಮಾ, ನಿಮ್ಮ ಯಜಮಾನ್ರದ್ದು ಚಿನ್ನದಂಥ ಕೈ. ಇಪ್ಪತ್ತು ವರ್ಷದಿಂದ ಗಾಳ ಹಾಕ್ತಿದ್ದೀನಿ, ಇಂಥ ಮುದ್ದೆ ಮಾಡೋನ್ನ ಕಂಡಿಲ್ಲ. ಮನೇಲೂ ಅಡುಗೆ ಅವ್ರದ್ದೇನಾ?"

ಎಲ್ಲರೂ ನಕ್ಕರು. ಜಯಮ್ಮ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡುತ್ತಿದ್ದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಹೊತ್ತಿಗೆ ನನ್ನ ಕೆಲಸ ಗಟ್ಟಿಯಾಗಿತ್ತು, ಸಾಹೇಬರು ಬೇಕಾದರೆ ಬೈದು ಸುಮ್ಮನಾಗುತ್ತಿದ್ದರು, ಯಾರೂ ನನ್ನನ್ನು ಓಡಿಸುತ್ತಿರಲಿಲ್ಲ. ಆದರೂ ಬಾಯಿ ಬರಲಿಲ್ಲ.

"ಊಂ ಸಾರ್" ಎಂದಳು ಜಯಮ್ಮ.

ಬಸ್ಸು ಬದಲಿಸಲು ಯಶವಂತಪುರದಲ್ಲಿ ಇಳಿದೆವು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಮಾತು ತೆಗೆದಳು.

"ರೀ, ಶುಕ್ರವಾರ ಶುಕ್ರವಾರ ತೋಳಿಗೆ ಎಣ್ಣೆ ತಿಕ್ಕೊಳ್ಳೋದು ಯಾರು?"

"ನೀನೇ."

"ಅಂಗಾದ್ರೆ ಚಿನ್ನದ ಕೈ ಯಾರ್ದು?"

"ಜಯಾ, ಅವತ್ತು ನಾನು ಹಂಗೆ ಹೇಳ್ದೆ ಇದ್ದಿದ್ರೆ ಕೆಲಸ ಹೋಗ್ತಿತ್ತು ಕಣೇ."

"ಅವತ್ತು ಓಗ್ತಿತ್ತು, ಸರಿ. ಈವತ್ತು ಓಗ್ತಿತ್ತಾ?"

ನಾನು ಬಸ್ಸು ಬರುತ್ತದೇನೋ ಎಂದು ರಸ್ತೆ ನೋಡಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಒಂದು ತಟ್ಟೆಗೆ ಹೋಗಿತ್ತು.

ಅವಳು ಮುದ್ದೆ ಮಾಡುವುದನ್ನು ನಿಲ್ಲಿಸಲಿಲ್ಲ. ಮಗಳ ಸ್ಕೂಲು ಫೀಸು ಅದರಿಂದಲೇ ಬರಬೇಕಿತ್ತು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಮಾಡುವಾಗ ಮಾತು ನಿಂತಿತು. ರಾಗಿ ಹೊಸದೋ ಹಳೆಯದೋ, ಮಳೆ ಬಂತೋ ಇಲ್ಲವೋ, ಒಂದು ಅಕ್ಷರ ಇಲ್ಲ. ಡಬ್ಬ ತಂದಿಟ್ಟು "ತಗೊಳ್ಳಿ" ಎನ್ನುವಳು, ಅಷ್ಟೇ. ಬೇರೆ ಎಲ್ಲದಕ್ಕೂ ಮಾತಾಡುತ್ತಿದ್ದಳು, ನಗುತ್ತಿದ್ದಳು, ಜಗಳ ಆಡುತ್ತಿದ್ದಳು. ಇದೊಂದಕ್ಕೆ ಮಾತ್ರ ಬಾಯಿಗೆ ಬೀಗ. ಆಗ ನನಗೆ ಗೊತ್ತಾಯಿತು, ಇಷ್ಟು ವರ್ಷ ಕಿವಿಯ ಮೇಲೆ ಬೀಳುತ್ತಿದ್ದ ಪಾಠವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ ಎಂದು.

ಈಗ ಹೇಳುವುದು ಯಾರಿಗೂ ಹೇಳದ ವಿಷಯ. ಜಯಮ್ಮನಿಗೂ ಹೇಳಿಲ್ಲ.

ಯಲಹಂಕದಲ್ಲಿ ಒಬ್ಬ ಡಾಕ್ಟರು ನಮ್ಮ ಮೆಂಬರು. ಎಂಬತ್ತು ದಾಟಿತ್ತು. ಕ್ಲಬ್ಬಿನಲ್ಲಿ ನನ್ನ ಮನೆಯವರನ್ನು ವಿಚಾರಿಸುತ್ತಿದ್ದ ಒಬ್ಬರೇ ಮೆಂಬರು ಅವರು. ನಮ್ಮವ್ವನ ಉಬ್ಬಸಕ್ಕೆ ಕೊನೆಯವರೆಗೂ ನನ್ನ ಕೈಯಲ್ಲಿ ಔಷಧಿ ಕೊಟ್ಟು ಕಳಿಸುತ್ತಿದ್ದರು. ಪಾಪ, ಮೀನಿನ ಯೋಗ ಮಾತ್ರ ಇರಲಿಲ್ಲ. ಹದಿನೈದು ವರ್ಷ ಗಾಳ ಹಾಕಿದರೂ ಅವರಿಗೆ ಸಿಕ್ಕಿದ್ದೆಲ್ಲ ಗೆಂಡೆ, ಕೊರಮೀನು ಇಂಥವೇ. ಒಂದು ಬಿಳಿಮೀನು ಕೈ ಹತ್ತಲಿಲ್ಲ. ಪಕ್ಕದವರ ಗಾಳಕ್ಕೆ ಬೀಳುತ್ತಿತ್ತು, ಇವರದಕ್ಕೆ ಇಲ್ಲ. ಅವರು ನಗುನಗುತ್ತಾ, "ನಂಜುಂಡಪ್ಪ, ಮೀನಿಗೂ ಡಾಕ್ಟ್ರು ಅಂದ್ರೆ ಭಯ ಕಣಯ್ಯ" ಎನ್ನುತ್ತಿದ್ದರು.

ಒಂದು ಸಲ ಫೋನು ಮಾಡಿದರು. "ಇದೇ ಕೊನೇ ಸಲ ಕಣಯ್ಯ. ಇನ್ಮೇಲೆ ಮಗ ಕಳಿಸಲ್ಲ ಅಂತಿದ್ದಾನೆ. ಮೂರು ದಿನ ಇರ್ತೀನಿ. ಒಂದೇ ಒಂದು ಬಿಳಿಮೀನು ಕೈಯಲ್ಲಿ ಹಿಡ್ಕೊಂಡು ಬಿಟ್ಟುಬಿಟ್ರೆ ಸಾಕು. ನಿನ್ನ ಒಳ್ಳೇ ಮುದ್ದೆ ತಗೊಂಡ್ ಬಾ."

ಆ ವಾರ ಜಯಮ್ಮ ಮನೆಯಲ್ಲಿರಲಿಲ್ಲ. ಅವಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ನೋಡಿಕೊಳ್ಳಲು ತವರಿಗೆ ಹೋಗಿದ್ದಳು. ಕೇಳೋಣ ಎಂದರೆ ಅವಳು ಮನೆಯಲ್ಲಿಲ್ಲ, ತನ್ನ ಕಷ್ಟದಲ್ಲಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾಡುವುದನ್ನು ಇಷ್ಟು ವರ್ಷ ದೂರದಿಂದಾದರೂ ನೋಡಿದ್ದೇನಲ್ಲ, ಏನು ಮಹಾ ಎಂದು ಒಲೆ ಹಚ್ಚಿದೆ.

ಮೊದಲ ದಿನದ ಮುದ್ದೆ ನೀರಿಗೆ ಬಿದ್ದ ಕೂಡಲೇ ಗಂಜಿಯಾಯಿತು. ಡಾಕ್ಟರು ದಿನವಿಡೀ ಬರೀ ಕೊಕ್ಕೆ ಎಳೆದುಕೊಂಡರು. ಸಂಜೆ ಕ್ಯಾಂಪಿನಲ್ಲೇ ಹಿಟ್ಟು ಹೆಚ್ಚಿಸಿ, ಇನ್ನಷ್ಟು ಹೊತ್ತು ಬೇಯಿಸಿ ಹೊಸದಾಗಿ ಮಾಡಿದೆ. ಎರಡನೆಯ ದಿನ ಅದು ಕರಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಡಾಕ್ಟರ ದಾರ ಸರ್ರನೆ ಓಡಿತು. ಬಿಳಿಮೀನೇ, ಅದರ ಓಟ ನೋಡಿದರೆ ತಿಳಿಯುತ್ತದೆ. ಅವರು ಎದ್ದು ನಿಂತು ಎಳೆದರು. ದಾರ ಒಂದು ಕ್ಷಣ ಬಿಗಿಯಾಗಿ, ಸಡಿಲವಾಯಿತು. ಮಧ್ಯಾಹ್ನ ಇನ್ನೊಂದು ಸಲ ಹಾಗೇ ಆಯಿತು. ಮೂರನೆಯ ದಿನ ಬೆಳಿಗ್ಗೆ ಮತ್ತೊಂದು, ಅದು ಬಹಳ ದೊಡ್ಡ ಮೀನು. ತೆಪ್ಪದಲ್ಲಿ ಕೂತಿದ್ದ ಮಾದಯ್ಯ ಸಹ ಎದ್ದು ನಿಂತುಬಿಟ್ಟ. ಅದೂ ತಪ್ಪಿತು.

ಡಾಕ್ಟರು ತಮ್ಮ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

"ಕೈಯಲ್ಲಿ ಬಲ ಇಲ್ಲ ನಂಜುಂಡಪ್ಪ. ಸರಿಯಾಗಿ ಎಳೆಯೋಕಾಗ್ತಿಲ್ಲ ನಂಗೆ."

ನಾನು ಅವರ ದಾರ ಸುತ್ತಿಕೊಟ್ಟು, ಗಾಳಕ್ಕೆ ಅಂಟಿಕೊಂಡೇ ಇದ್ದ ಮುದ್ದೆ ತೆಗೆದೆ. ಕಲ್ಲು. ಚಾಕು ಹಾಕಿ ಒತ್ತಿದರೆ ಚಾಕು ಜಾರಿತು. ಕೊಕ್ಕೆಯ ಮೊನೆ ಅದರ ಹೊಟ್ಟೆಯಲ್ಲೇ ಹೂತುಕೊಂಡಿತ್ತು. ಪೈಲ್ವಾನ ಎಳೆದರೂ ಆಚೆ ಬರುತ್ತಿರಲಿಲ್ಲ.

"ಹೌದು ಸಾರ್, ಇನ್ನೊಂಚೂರು ಜೋರಾಗಿ ಎಳೀಬೇಕಿತ್ತು" ಎಂದೆ.

ಹೀಗೆ ಹೇಳಿದವನು ನಾನೇ. ಮಾದಯ್ಯ ದಡಕ್ಕೆ ಬಂದು ಮುದ್ದೆ ಮುಟ್ಟಿ ನೋಡಿ, "ಏನ್ ಸಾಮಿ, ಈ ಸಲ ನಿಮ್ ಮುದ್ದೆ ಕಲ್ಲಾಗದಲ್ಲ?" ಎಂದ. ನೀರು ತಣ್ಣಗಿದೆ, ಅದಕ್ಕೆ ಹಂಗಾಗಿದೆ, ನಿನ್ ಕೆಲಸ ನೋಡು ಹೋಗು ಎಂದು ಗದರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೊರಡುವಾಗ ಡಾಕ್ಟರು ನನ್ನ ಭುಜ ತಟ್ಟಿ, "ನೀನೇನ್ ಮಾಡ್ತೀಯ ಬಿಡಯ್ಯ, ನಿನ್ನ ಕೆಲಸ ನೀನು ಮಾಡ್ದೆ. ವಯಸ್ಸು ನಂದು" ಎಂದು ಕಾರು ಹತ್ತಿದರು. ಆ ವರ್ಷವೇ ತೀರಿಕೊಂಡರು. ನಾನು ಅವರ ಮನೆಗೆ ಹೋಗಿ ಬಂದೆ. ಅವರ ಮಗ, "ಅಪ್ಪ ನಿಮ್ಮನ್ನ ತುಂಬ ನೆನೆಸ್ಕೊಳ್ತಿದ್ರು" ಎಂದಾಗ ಅಲ್ಲಿ ನಿಲ್ಲಲಾಗಲಿಲ್ಲ.

ಇನ್ನುಳಿದ ವರ್ಷಗಳನ್ನು ವಿಸ್ತರಿಸಿ ಬರೆಯುವ ಉಮೇದು ನನಗಿಲ್ಲ. ಅರಣ್ಯ ಇಲಾಖೆಯವರು ಹಳೆಯ ಜಾಗದಲ್ಲಿ ಗಾಳ ಹಾಕಕೂಡದು ಎಂದ ಮೇಲೆ ಕ್ಲಬ್ಬು ಹೊಳೆಯ ಮೇಲಿನ ಕಡೆಗೆ ಹೋಯಿತು. ಸೆಕ್ರೆಟರಿ ಸಾಹೇಬರು ಹೋದರು, ಮಾದಯ್ಯ ಹೋದ. ಮೀನು ಕಮ್ಮಿಯಾಯಿತು. ಕೆಲವರು ಮದ್ದು ಸಿಡಿಸಿ ಹಿಡಿದರು, ಮರಳು ತೆಗೆದವರು ಮೊಟ್ಟೆ ಇಡುವ ಜಾಗ ಹಾಳು ಮಾಡಿದರು. ಈಗಿನ ಮೆಂಬರುಗಳು ಬಣ್ಣಬಣ್ಣದ ಪ್ಲಾಸ್ಟಿಕ್ ಮೀನನ್ನು ದಾರಕ್ಕೆ ಕಟ್ಟಿ ದಿನವಿಡೀ ಎಸೆಯುತ್ತಾರೆ. ಎರಡು ದಿನ ಎಸೆದು ಭುಜ ನೋವು ಬಂದ ಮೇಲೆ, "ಅಂಕಲ್, ಮುದ್ದೆ ಇದೆಯಾ?" ಎಂದು ಮೆಲ್ಲಗೆ ಬರುತ್ತಿದ್ದರು. ನಾನು ಡಬ್ಬ ತೆಗೆಯುತ್ತಿದ್ದೆ. ಆ ಡಬ್ಬ ತೆಗೆದಾಗಲೆಲ್ಲ ಸುಸ್ತಾಗುತ್ತಿತ್ತು. ಮೈಯ ಸುಸ್ತಲ್ಲ. ನಿವೃತ್ತಿಯಾದ ದಿನ ಹಾರ ಹಾಕಿದಾಗ, ಸದ್ಯ, ಇನ್ನು ಆ ಡಬ್ಬ ಹೊರಬೇಕಾಗಿಲ್ಲ ಎನ್ನಿಸಿತು.

ಶಿಲ್ಪಾ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಐದು ಕಿಲೋ ರಾಗಿ ಹಿಟ್ಟು, ಬರೆದುಕೊಳ್ಳಲು ಪುಸ್ತಕ, ವಿಡಿಯೋ ತೆಗೆಯಲು ಮೊಬೈಲು. ಜಯಮ್ಮ ಅವಳಿಗೆ ಉಪ್ಪಿಟ್ಟು ಕೊಟ್ಟು ಎದುರಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಹಿಂದಿನ ದಿನವೇ ತೀರ್ಮಾನ ಮಾಡಿಕೊಂಡಿದ್ದೆ.

"ಶಿಲ್ಪಾ, ಮುದ್ದೆ ನಂದಲ್ಲಮ್ಮ. ಎಲ್ಲ ಇವಳು ಮಾಡ್ತಿದ್ದಿದ್ದು. ಇವಳನ್ನ ಕೇಳು" ಎಂದೆ. ಹೇಳಿಬಿಟ್ಟೆನಲ್ಲ ಎಂದು ಮೈ ಹಗುರಾಯಿತು.

ಶಿಲ್ಪಾ ಕಣ್ಣರಳಿಸಿ ಜಯಮ್ಮನ ಕಡೆ ತಿರುಗಿದಳು. "ಹೌದಾ ಆಂಟಿ?"

ಜಯಮ್ಮ ತಲೆಯೆತ್ತಲಿಲ್ಲ. "ಅಯ್ಯೋ, ಸುಮ್ನೆ ಏಳ್ತಾರೆ ಕಣವ್ವ. ನಂಗೇನ್ ಗೊತ್ತದು? ಚಿನ್ನದ ಕೈ ಅವರ್ದು. ಅಷ್ಟು ದೊಡ್ಡ ಮನುಷ್ಯರೇ ಏಳಿ ತಟ್ಟೆ ಕೊಟ್ಟವ್ರೆ. ಅವರೇ ಮಾಡಿ ತೋರಿಸ್ತಾರೆ, ನೋಡ್ಕೋ" ಎಂದಳು.

"ಜಯಾ..." ಎಂದೆ.

"ಮಾಡಿ ರೀ. ಮಗು ಅಷ್ಟು ದೂರದಿಂದ ಬಂದದೆ."

ಏನು ಮಾಡಲಿ? ಶಿಲ್ಪಾ ಮೊಬೈಲು ಹಿಡಿದು ನಿಂತಿದ್ದಾಳೆ. ಅಡುಗೆಮನೆಗೆ ಹೋದೆ. ಸೋಂಪು ಎಲ್ಲಿದೆ ಎಂದು ಸಹ ಗೊತ್ತಿರಲಿಲ್ಲ, ಮೂರು ಡಬ್ಬ ತೆಗೆದೆ. ನೀರಿಟ್ಟೆ, ಹಿಟ್ಟು ಕಲಸಿದೆ, ಉಂಡೆ ಕಟ್ಟಿದೆ, ಕುದಿಯುವ ನೀರಿಗೆ ಹಾಕಿದೆ. ನಾಲ್ಕು ನಿಮಿಷಕ್ಕೆ ಪಾತ್ರೆಯ ತುಂಬ ಕಂದು ಗಂಜಿ. ಶಿಲ್ಪಾ ಮೊಬೈಲು ಕೆಳಗಿಳಿಸಿ ನೆಲ ನೋಡಿದಳು. ಅರವತ್ತು ದಾಟಿದವನು ನಾನು, ಸೌಟು ಹಿಡಿದು ನಿಂತು ಅತ್ತುಬಿಟ್ಟೆ.

ಜಯಮ್ಮ ಬಂದು ಒಲೆ ಆರಿಸಿದಳು.

"ಈ ಮಗುಗೆ ಏಳ್ಬಿಟ್ರೆ ಆಯ್ತಾ? ಅವತ್ತು ಆ ಹಾಲಲ್ಲಿ ಅಷ್ಟು ಜನ ಕೂತಿದ್ರಲ್ಲ, ಅವರಿಗೆ ಏಳ್ಬೇಕಿತ್ತು."

"ಅವರಲ್ಲಿ ಮುಕ್ಕಾಲು ಜನ ಸತ್ತೇ ಹೋದ್ರು ಜಯಾ."

"ಇನ್ನೂ ಬದುಕಿರೋರು ಅವ್ರೆ ಅಲ್ವಾ. ಅದೇನೋ ಬರೆದ್ಕೊಡಿ ಅಂದವ್ಳಲ್ಲ ಇವ್ಳು, ಅದ್ರಲ್ಲಿ ಬರೀರಿ. ಎಲ್ಲಾನೂ ಬರೀಬೇಕು, ಒಂದೂ ಬಿಡಂಗಿಲ್ಲ. ಬರೆದು ನಂಗೆ ಓದಿ ಏಳಿ. ಆಮೇಲೆ ಇವ್ಳಿಗೆ ನಾನು ಏಳ್ಕೊಡ್ತೀನಿ."

"ನಾನು ಕಾಯ್ತೀನಿ ಆಂಟಿ" ಎಂದಳು ಶಿಲ್ಪಾ. ಹಿಟ್ಟಿನ ಚೀಲವನ್ನು ಅಲ್ಲೇ ಬಿಟ್ಟು ಹೋದಳು.

ಇಲ್ಲಿಯವರೆಗೆ ಬರೆದದ್ದನ್ನು ನೆನ್ನೆ ಮಧ್ಯಾಹ್ನ ಊಟವಾದ ಮೇಲೆ ಜಯಮ್ಮನಿಗೆ ಓದಿದೆ. ಗೋಡೆಗೆ ಒರಗಿ ಕಾಲು ನೀಡಿಕೊಂಡು ಕೂತು ಕೇಳಿದಳು. ಯಶವಂತಪುರದ ಬೆಂಚಿನ ವಿಷಯ ಬಂದಾಗ "ಊಂ" ಎಂದಳು. ಡಾಕ್ಟರ ವಿಷಯ ಓದುತ್ತಿದ್ದಾಗ ಅವಳು ಕಾಲು ಮಡಚಿ ನೆಟ್ಟಗೆ ಕೂತಳು.

"ನಿಲ್ಲಿಸಿ" ಎಂದಳು. "ಅತ್ತೆಗೆ ಉಬ್ಬಸದ ಔಸ್ದಿ ಕೊಡ್ತಿದ್ದ ಡಾಕ್ಟ್ರಾ?"

"ಹೂಂ."

"ಅವರ ಕೈಯಲ್ಲಿ ಬಲ ಇತ್ತಾ?"

"ಇತ್ತು. ನನ್ನ ಮುದ್ದೆ ಕಲ್ಲಾಗಿತ್ತು."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಟ್ಟೆ ಬಂದ ದಿನ ಅಳದವಳು ಒಮ್ಮೆಯೂ ಕಾಣದ ಮನುಷ್ಯನಿಗಾಗಿ ಅಳುತ್ತಿದ್ದಳು. ಆಮೇಲೆ ಕೇಳಿದಳು.

"ನನ್ನ ಮೇಲೆ ನಿಮಗೆ ಏನಾದ್ರೂ ಇರ್ಲಿ. ನನ್ನ ಎಸ್ರು ಏಳ್ಬೇಡಿ, ತಟ್ಟೆ ನೀವೇ ಇಟ್ಕೊಳ್ಳಿ. ಆದ್ರೆ ಬಂದು ಒಂದು ಮಾತು ಕೇಳಿದ್ರೆ ನಾನು ಅಲ್ಲೇ, ನಮ್ಮವ್ವನ ಮನೆ ಒಲೆ ಮೇಲೇ ಮಾಡ್ಕೊಡ್ತಿರ್ಲಿಲ್ವಾ? ಆ ಪುಣ್ಯಾತ್ಮ ತನ್ನ ಕೈ ತಾನೇ ಬೈಕೊಂಡು ಓದ್ನಲ್ರೀ. ನಾನು ಎಷ್ಟು ದೂರ ಇದ್ದೆ ಅಂತ ಬರೆದಿದ್ದೀರಾ ಅದ್ರಲ್ಲಿ?"

ಬರೆದಿರಲಿಲ್ಲ.

"ಅದನ್ನೂ ಬರೀರಿ. ಬರೆದು, ಶುಕ್ರವಾರ ಬಾ ಅಂತ ಆ ಹುಡುಗೀಗೆ ಏಳಿ."

ಬರೆಯುತ್ತಿದ್ದೇನೆ. ಅಬ್ಬಿಗೆರೆಯಿಂದ ಸೋಲದೇವನಹಳ್ಳಿ ಅರ್ಧ ಗಂಟೆಯ ದಾರಿ, ಒಂದೇ ಬಸ್ಸು. ನಾನು ಹತ್ತಲಿಲ್ಲ.